ತೋಳು ಕೂರಿಸುವ ಕೈ

ಕೆಲಸದಿಂದ ನಿವೃತ್ತಳಾದರೂ ನನ್ನ ಕಣ್ಣಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ನಮ್ಮ ತಾಲ್ಲೂಕಿನ ಮಧುರೆಯಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದರೆ, ಕಂಬಿ ಹಿಡಿದು ನಿಂತವರ ಮುಖಕ್ಕಿಂತ ಮೊದಲು ಅವರ ಅಂಗಿಯ ತೋಳು ಕಾಣಿಸುತ್ತದೆ. ಹೆಗಲ ಮೇಲೆ ಸರಿಯಾಗಿ ಕೂತಿದೆಯೇ, ಕಂಕುಳ ಹತ್ತಿರ ಸುಕ್ಕು ಬಿದ್ದಿದೆಯೇ ಎಂದು ನೋಡುತ್ತಲೇ ಇರುತ್ತೇನೆ. ಒಂದು ಸಲ ಒಬ್ಬರು ಕೇಳಿಯೇಬಿಟ್ಟರು: "ಏನಮ್ಮಾ, ಏನ್ ಹಂಗ್ ನೋಡ್ತಿದೀರಾ?" "ನಿಮ್ಮನ್ನಲ್ಲಪ್ಪಾ, ನಿಮ್ ಅಂಗೀನ" ಎಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಮುಂದಿನ ನಿಲ್ದಾಣದಲ್ಲಿ ಹಿಂದಿನ ಬಾಗಿಲಿಗೆ ಸರಿದುಕೊಂಡರು.

ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಶರ್ಟು ಹೊಲಿಯುವ ಒಂದು ಕಾರ್ಖಾನೆಯಲ್ಲಿ ನಾನು ದುಡಿದೆ. ಮೊದಲು ಮಿಷನ್ ಮೇಲೆ ಕೂತಿದ್ದವಳು ಆಮೇಲೆ ಹೊಸಬರಿಗೆ ಕಲಿಸುವ ತರಬೇತಿ ವಿಭಾಗಕ್ಕೆ ಹೋದೆ, ಅಲ್ಲೇ ಕೂದಲು ನರೆಸಿಕೊಂಡೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ಕೇಳಿ ನನ್ನ ಯಜಮಾನರಿಗೇ ಸಾಕಾಗಿದೆ. ಇದನ್ನು ಬರೆಯುತ್ತಿರುವುದು ನನ್ನ ತಂಗಿಯ ಮಗಳು ದಿವ್ಯಾಳಿಗಾಗಿ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗಾಗಿ. ದಿವ್ಯಾ ಈ ವರ್ಷ ಇಂಥದೇ ಒಂದು ಕಾರ್ಖಾನೆಯಲ್ಲಿ ಟ್ರೈನರ್ ಆಗಿ ಸೇರಿದಳು. ಅವಳ ಕೈಗೆ ದಪ್ಪನೆಯ ಫೈಲೊಂದು, ಒಂದು ಲ್ಯಾಪ್‌ಟಾಪು ಕೊಟ್ಟಿದ್ದಾರೆ.

"ದೊಡ್ಡಮ್ಮಾ, ಮೊದಲ್ನೇ ದಿನ ಏನ್ ಮಾಡ್ಲಿ?" ಎಂದು ಕೇಳಿದಳು.

"ಫೈಲು ಓದು, ಓದಿ ಮುಚ್ಚಿಡು. ಆಮೇಲೆ ಬಂದೋರ ಕೈ ನೋಡು."

"ಕೈ ನೋಡೋಕೆ ನಾನೇನ್ ಜ್ಯೋತಿಷ್ಯ ಹೇಳ್ತೀನಾ?" ಎಂದು ನಕ್ಕಳು. ನಗಲಿ. ನಾನೂ ಅವಳ ವಯಸ್ಸಿನಲ್ಲಿ ಇದನ್ನು ನಂಬುತ್ತಿರಲಿಲ್ಲ.

ಕೈ ನೋಡುವುದನ್ನು ನಾನು ಕಲಿತದ್ದು ನಮ್ಮೂರ ಹೆಂಗಸರಿಂದಲೇ. ಆಗ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿಗೆ ಕೆಲಸ ಕಡಿಮೆಯಾಗಿ, ನೇಯ್ಗೆ ಮನೆಗಳ ಹೆಂಗಸರು ಗುಂಪುಗುಂಪಾಗಿ ನಮ್ಮಲ್ಲಿಗೆ ಬರತೊಡಗಿದ್ದರು. ಅವರಲ್ಲಿ ರತ್ನಮ್ಮ ಎಂಬಾಕೆ ಚುರುಕು, ಬಾಯಿಯೂ ಚುರುಕು. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವಳಾದ್ದರಿಂದ ನಮ್ಮ ಹೊಲಿಗೆ ಮಿಷನ್ನುಗಳ ಸದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಇಂಥವಳು ಸಿಕ್ಕಳಲ್ಲ ಎಂದು ನಾವೆಲ್ಲ ಹಿಗ್ಗಿದೆವು. ಸ್ವಲ್ಪ ದಿನದಲ್ಲಿ ತಪಾಸಣೆ ವಿಭಾಗದವರು ಒಂದು ರಾಶಿ ಶರ್ಟು ತಂದು ನಮ್ಮ ಮುಂದೆ ಸುರಿದರು. ಹೊಲಿಗೆಯ ನಡುನಡುವೆ ಸಣ್ಣ ಸಣ್ಣ ಗಂಟು. ನೋಡಲು ಬಲು ಅಚ್ಚುಕಟ್ಟಾದ ಗಂಟು, ಆದರೆ ಶರ್ಟಿಗೆ ಅದು ಬೇಡ.

ಮಗ್ಗದಲ್ಲಿ ಎಳೆ ಕಿತ್ತರೆ ಹೆಬ್ಬೆರಳು ತೋರುಬೆರಳು ಸೇರಿ ಕ್ಷಣದಲ್ಲಿ ಗಂಟು ಬಿಗಿದು ಮುಂದೆ ಹೋಗುತ್ತವೆ. ಹೊಲಿಗೆಯಲ್ಲಿ ದಾರ ಕಿತ್ತರೆ ಹಾಗಲ್ಲ, ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಿ, ಹಳೆಯ ಹೊಲಿಗೆಯ ಮೇಲೇ ಹೊಸದನ್ನು ಹಾಕಿಕೊಂಡು ಬರಬೇಕು. ರತ್ನಮ್ಮನಿಗೆ ಇದನ್ನು ಹೇಳಿದರೆ ಅವಳಿಗೆ ರೇಗಿತು.

"ದಾರ ಕಿತ್ತೋದ್ರೆ ಗಂಟು ಹಾಕ್ದೆ ಇನ್ನೇನ್ ಪೂಜೆ ಮಾಡ್ಲಾ?"

"ಪೂಜೆ ಬೇಡ ತಾಯಿ, ಹಿಂದಕ್ಕೆ ಹೋಗು."

"ನಮ್ ಮನೇಲಿ ಹಿಂದಕ್ ಹೋದೋರಿಲ್ಲ" ಎಂದಳು. ಆದರೂ ಕಲಿತಳು. ಅವಳು ಬೇಕೆಂದು ಗಂಟು ಹಾಕುತ್ತಿರಲಿಲ್ಲ, ಅವಳ ಬೆರಳುಗಳು ಅವಳನ್ನು ಕೇಳದೆ ಹಾಕುತ್ತಿದ್ದವು. ದಾರ ಕಿತ್ತ ಕೂಡಲೇ ಎರಡೂ ಕೈ ಎತ್ತಿ ತೊಡೆಯ ಮೇಲಿಡುವ ಅಭ್ಯಾಸ ಮಾಡಿಸಿದೆ. ಕೆಲವು ದಿನ ಇಡೀ ಸಾಲಿನ ಹೆಂಗಸರು ಅವಳನ್ನು ನೋಡಿ ಕೈ ಮುಗಿದು ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಗಂಟು ನಿಂತಿತು.

ಅಲ್ಲಿಂದ ಮುಂದೆ ಯಾರೇ ಹೊಸಬರು ಬಂದರೂ, ಮೊದಲು ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನಮ್ಮ ಫ್ಲೋರ್ ಮ್ಯಾನೇಜರ್ ನಾಗರಾಜ್ ಅವರಿಗೆ ಇದು ಕಾಲಹರಣವಾಗಿ ಕಾಣುತ್ತಿತ್ತು. ಅವರೂ ತೂಬಗೆರೆ ಕಡೆಯ ಹೊಲಗದ್ದೆಯ ಮನೆಯವರು, ಒರಟು ಮಾತು, ಆದರೆ ಕೆಲಸ ಬಲ್ಲವರು. "ಏನ್ ಜಯಮ್ಮ, ಹೊಲಿಗೆ ಕಲಿಸ್ತೀರೋ ಹೆಣ್ ನೋಡೋಕ್ ಬಂದಿದೀರೋ?" ಎಂದು ಕಿಚಾಯಿಸುತ್ತಿದ್ದರು.

ಹೊರ ರಾಜ್ಯಗಳ ಹುಡುಗಿಯರು ಬರಲು ಶುರುವಾದದ್ದು ಇದಾದ ಎಷ್ಟೋ ಕಾಲದ ಮೇಲೆ. ಜಾರ್ಖಂಡ್, ಒಡಿಶಾ ಕಡೆಯಿಂದ ರೈಲು ಹಿಡಿದು, ಬೆಂಗಳೂರಿನಲ್ಲಿ ಇಳಿದು, ಕಾರ್ಖಾನೆಯ ಬಸ್ಸಿನಲ್ಲಿ ಬಾಶೆಟ್ಟಿಹಳ್ಳಿ ತಲುಪುತ್ತಿದ್ದರು. ಅವರಿಗೆ ಹಾಸ್ಟೆಲ್ ಇತ್ತು. ಎಲ್ಲರ ಬಳಿಯೂ ಒಂದೊಂದು ಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಒಂದೊಂದು ಸರ್ಟಿಫಿಕೇಟು. ತಮ್ಮ ಊರಿನ ಕೌಶಲ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿತು ಬಂದವರು ಎಂದು ಅದರಲ್ಲಿ ಬರೆದಿತ್ತು. ಮೊದಲ ತಂಡವನ್ನು ನೇರವಾಗಿ ಲೈನಿಗೆ ಕೂರಿಸಿದ್ದು ಕಾರ್ಖಾನೆಯವರ ದೊಡ್ಡ ಎಡವಟ್ಟು. ಬಟ್ಟೆ ಹಾವಿನ ಹಾಗೆ ಹರಿದಾಡಿತು. ಹೊಲಿಗೆ ಒಂದು ಕಡೆ, ಅಂಚು ಒಂದು ಕಡೆ.

ವಿಚಾರಿಸಿದರೆ ತಿಳಿಯಿತು, ಅಲ್ಲಿ ಅವರಿಗೆ ಅಭ್ಯಾಸಕ್ಕೆ ಬಟ್ಟೆಯೇ ಸಿಕ್ಕಿರಲಿಲ್ಲ. ಗೆರೆ ಎಳೆದ ಕಾಗದದ ಮೇಲೆ, ದಾರವಿಲ್ಲದ ಸೂಜಿಯಲ್ಲಿ, ವಾರಗಟ್ಟಲೆ ಹೊಲಿದಿದ್ದರು. ಹೊಲಿಗೆ ಕಲಿಯುವವರು ಎಲ್ಲರೂ ಕಾಗದದಲ್ಲೇ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡಿದವಳು. ಆದರೆ ಇವರ ಕಲಿಕೆ ಅಲ್ಲೇ ಮುಗಿದುಹೋಗಿತ್ತು. ಕಾಗದ ಹಿಗ್ಗುವುದಿಲ್ಲ, ಜಾರುವುದಿಲ್ಲ. ಕಾಗದ ಕೊಟ್ಟರೆ ಆ ಹುಡುಗಿಯರು ನಮ್ಮ ಲೈನಿನ ಹಳಬರನ್ನೂ ಮೀರಿಸುತ್ತಿದ್ದರು. ನಾಗರಾಜ್ ಹಣೆ ಹಣೆ ಚಚ್ಚಿಕೊಂಡರು: "ಇವ್ರು ಶರ್ಟು ಹೊಲಿಯೋಕ್ ಬಂದಿದಾರೋ ನೋಟ್‌ಬುಕ್ ಹೊಲಿಯೋಕೋ?" ಅವರ ಸಿಟ್ಟು ಹುಡುಗಿಯರ ಮೇಲಲ್ಲ. ಆದರೂ ಹುಡುಗಿಯರು ತಲೆ ತಗ್ಗಿಸಿ ನಿಂತಿದ್ದು ನೋಡಿ ನನಗೆ ಸಂಕಟವಾಯಿತು.

ಆಮೇಲೆ ಮುಖ್ಯ ಕಚೇರಿಯಿಂದ ತರಬೇತಿ ಅಧಿಕಾರಿಯೊಬ್ಬರು ಬಂದರು. ಪರದೆ ಇಳಿಬಿಟ್ಟು ಸ್ಲೈಡು ತೋರಿಸಿದರು. ಬರಹ ಇಂಗ್ಲಿಷಿನಲ್ಲಿ, ವಿವರಣೆ ಹಿಂದಿಯಲ್ಲಿ. ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಮನೆಮಾತು ಬೇರೆಯೇ, ಹಿಂದಿ ಅವರಿಗೂ ಕಲಿತ ಭಾಷೆ. ಪ್ರತಿ ಸ್ಲೈಡಿಗೂ ಅವರು "ಸಮಜ್ ಮೇ ಆಯಾ?" ಎಂದು ಕೇಳುವುದು, ಹುಡುಗಿಯರು ಒಕ್ಕೊರಲಿನಿಂದ "ಹಾ ಸರ್" ಎನ್ನುವುದು. ಅಧಿಕಾರಿಗಳಿಗೆ ಬಹಳ ಸಂತೋಷವಾಯಿತು. ಮಾರನೆಯ ದಿನ ಮಿಷನ್ನಿಗೆ ದಾರ ಪೋಣಿಸಲು ಹೇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ. ಬೇಗ ಹೂಂಗುಟ್ಟುವವರಿಗೆ ಅರ್ಥವಾಗಿಲ್ಲ ಎಂದೇ ತಿಳಿಯಿರಿ. ಅರ್ಥವಾದವರು ಸಾಮಾನ್ಯವಾಗಿ ಏನಾದರೂ ಒಂದು ಪ್ರಶ್ನೆ ಕೇಳುತ್ತಾರೆ. ಅದಾದ ಮೇಲೆ ನಾನು ಮೊದಲ ವಾರ ಬಾಯಿ ಮುಚ್ಚಿಕೊಂಡೇ ಕಲಿಸತೊಡಗಿದೆ. ನಾನು ಹೊಲಿಯುವಾಗ ನನ್ನ ಕೈಯ ಮೇಲೆ ಅವರ ಕೈ ಇಡಿಸಿಕೊಳ್ಳುತ್ತಿದ್ದೆ, ಆಮೇಲೆ ಅವರ ಕೈಯ ಮೇಲೆ ನನ್ನ ಕೈ ಇಡುತ್ತಿದ್ದೆ. ನನ್ನನ್ನು ಬಲ್ಲವರು ಯಾರೂ ನಾನು ಒಂದು ವಾರ ಬಾಯಿ ಮುಚ್ಚಿದ್ದೆ ಎಂಬುದನ್ನು ನಂಬುವುದಿಲ್ಲ.

ಊರಿನವರ ಗೊಣಗಾಟವನ್ನೂ ಹೇಳಬೇಕು. "ನಮ್ ಹುಡುಗೀರ್‌ಗೆ ಕೆಲ್ಸ ಇಲ್ಲ ಅಂತೀರ, ಅಷ್ಟ್ ದೂರದಿಂದ ಕರ್ಕೊಂಡ್ಬರ್ತೀರ" ಎಂದು ರತ್ನಮ್ಮ ನನ್ನನ್ನೇ ಎಷ್ಟೋ ಸಲ ತರಾಟೆಗೆ ತೆಗೆದುಕೊಂಡಿದ್ದಾಳೆ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮೂರ ಹೆಂಗಸರು ಮಗುವಿಗೆ ಜ್ವರ ಎಂದರೆ ಮನೆಯಲ್ಲಿ ಉಳಿಯುತ್ತಾರೆ, ನಾದಿನಿಯ ಮದುವೆ ಎಂದರೆ ರಜೆ ಹಾಕುತ್ತಾರೆ, ಸೂಪರ್‌ವೈಸರ್ ಕೂಗಾಡಿದರೆ ತಿರುಗಿ ಕೂಗಾಡುತ್ತಾರೆ. ಹಾಸ್ಟೆಲಿನ ಹುಡುಗಿಯರಿಗೆ ಹೋಗಲು ಬೇರೆ ಜಾಗವಿಲ್ಲ. ಕಂಪನಿಗಳಿಗೆ ಇದು ಅನುಕೂಲ. ಮೀಟಿಂಗಿನಲ್ಲಿ ಇದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು. ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಆದರೆ ಆ ಸಿಟ್ಟನ್ನು ದೂರದಿಂದ ಬಂದ ಹುಡುಗಿಯ ಮೇಲೆ ತೋರಿಸುವುದು ಸರಿಯಲ್ಲ ಎಂದು ರತ್ನಮ್ಮನಿಗೂ ಹೇಳುತ್ತಿದ್ದೆ.

ಫೂಲ್ಮಣಿಯ ಕಥೆ ಹೇಳಲೆಂದೇ ಇಷ್ಟೆಲ್ಲ ಬರೆದೆ. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು ಬಂದ ತಂಡದಲ್ಲಿ ಅವಳಿದ್ದಳು. ಜಾರ್ಖಂಡಿನ ಒಂದು ಹಳ್ಳಿಯವಳು. ಅದೇ ಹಳ್ಳಿಯ ಸಲೋಮಿ ಅವಳ ಜೊತೆಗಾತಿ. ಸಲೋಮಿ ಮಾತುಗಾತಿ, ತಿಂಗಳಾಗುವ ಮೊದಲೇ "ಊಟ ಆಯ್ತಾ ಅಮ್ಮ" ಎಂದು ಕೇಳುವಷ್ಟು ಕನ್ನಡ ಕಲಿತಿದ್ದಳು. ಫೂಲ್ಮಣಿ ಮಾತು ಕಡಿಮೆ. ಏನು ಕೇಳಿದರೂ ಮೊದಲು ಸಲೋಮಿಯ ಮುಖ ನೋಡುತ್ತಿದ್ದಳು.

ಆಗ ನಮ್ಮಲ್ಲಿ ಹೊಸಬರಿಗೆ ಮೂರು ತಿಂಗಳ ತರಬೇತಿ, ಕೊನೆಗೆ ಒಂದು ಪರೀಕ್ಷೆ. ಒಬ್ಬರೇ ಕೂತು ಒಂದು ಶರ್ಟಿಗೆ ಎರಡೂ ತೋಳು ಕೂರಿಸಬೇಕು. ಶರ್ಟಿನಲ್ಲಿ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ತೋಳಿನ ತಲೆಯ ಸುತ್ತು, ಅದು ಕೂರುವ ಜಾಗದ ಸುತ್ತಿಗಿಂತ ಒಂಚೂರು ದೊಡ್ಡದಾಗಿರುತ್ತದೆ. ಆ ಹೆಚ್ಚಿನ ಬಟ್ಟೆ ಎಲ್ಲೂ ಕಾಣದ ಹಾಗೆ ಹೊಲಿಗೆಯೊಳಗೇ ಅಡಗಬೇಕು. ಸೂಜಿಯ ಕೆಳಗಿರುವ ಹಲ್ಲುಗಳು ಬಟ್ಟೆಯನ್ನು ತಾವೇ ಮುಂದಕ್ಕೆ ಒಯ್ಯುತ್ತವೆ, ನಾವು ಬೆರಳಿನಿಂದ ದಾರಿ ತೋರಿಸಬೇಕು, ಅಷ್ಟೆ. ಎಳೆದರೂ ಸುಕ್ಕು, ಒತ್ತಿದರೂ ಸುಕ್ಕು. ಪರೀಕ್ಷೆಯಲ್ಲಿ ಸೋತವರನ್ನು, ಊರಿನಿಂದ ಹುಡುಗಿಯರನ್ನು ಕರೆತರುತ್ತಿದ್ದ ಏಜೆನ್ಸಿಯವರೇ ವಾಪಸ್ ರೈಲು ಹತ್ತಿಸುತ್ತಿದ್ದರು.

ಫೂಲ್ಮಣಿಗೆ ವಾಪಸ್ ಹೋಗುವುದು ಎಂದರೆ ಏನು ಎಂಬುದನ್ನು ನಾನು ಮೊದಲ ವಾರದಲ್ಲೇ ಕೇಳಿ ತಿಳಿದಿದ್ದೆ. ಮೊದಲು ಏನು ಕೆಲಸ ಮಾಡುತ್ತಿದ್ದೆ ಎಂದದ್ದಕ್ಕೆ ಅವಳು "ಭಟ್ಟಿ" ಎಂದಳು. ಇಟ್ಟಿಗೆ ಗೂಡು. ಸುಗ್ಗಿ ಮುಗಿದ ಮೇಲೆ ಅವಳ ಮನೆಯವರೆಲ್ಲ ದೂರದ ಇಟ್ಟಿಗೆ ಗೂಡಿಗೆ ಹೋಗಿ ಮಳೆಗಾಲದವರೆಗೆ ಅಲ್ಲೇ ಇರುತ್ತಾರೆ. ಇವಳೂ ಚಿಕ್ಕವಳಿದ್ದಾಗಿನಿಂದ ಹೋದವಳು. ಪರೀಕ್ಷೆ ಮುಗಿಯುವ ಹೊತ್ತಿಗೆ ಆ ವರ್ಷ ಗೂಡಿಗೆ ಹೋಗುವ ಗುಂಪು ಹೊರಡುವ ಕಾಲವೂ ಬರುತ್ತಿತ್ತು. "ಅಲ್ಲಿಗೆ ಹೋಗಲ್ಲ" ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಅವಳು ನನ್ನ ಹತ್ತಿರ ಸಲೋಮಿಯ ಮುಖ ನೋಡದೆ ಆಡಿದ ಮೊದಲ ಮಾತು ಅದು.

ಈ ಹೊತ್ತಿಗೆ ನಮ್ಮ ವಿಭಾಗಕ್ಕೆ ಟ್ಯಾಬ್ಲೆಟ್ಟುಗಳು ಬಂದಿದ್ದವು. ಪ್ರತಿ ಮಿಷನ್ನೂ ಎಷ್ಟು ಹೊತ್ತು ಓಡಿತು, ಎಲ್ಲಿ ನಿಂತಿತು ಎಂದು ಅದರಲ್ಲಿ ಕಾಣುತ್ತಿತ್ತು. ಅದನ್ನು ನೋಡಿಕೊಳ್ಳಲು ಕಿರಣ್ ಎಂಬ ಹುಡುಗ ಎಂಜಿನಿಯರ್ ಇದ್ದ. ಒಳ್ಳೆಯವನು, ಕೆಲಸದಲ್ಲಿ ಶ್ರದ್ಧೆ. ಒಂದು ಬೆಳಿಗ್ಗೆ ಅವನು ಟ್ಯಾಬ್ಲೆಟ್ ಹಿಡಿದು ಓಡಿ ಬಂದ.

"ಮೇಡಂ, ಇಲ್ಲಿ ಚೀಟಿಂಗ್ ನಡೀತಿದೆ. ಫೂಲ್ಮಣಿ ಮಿಷನ್ನಲ್ಲಿ ತೋಳಿನ ಹೊಲಿಗೆ ಓಡೇ ಇಲ್ಲ. ಆದ್ರೆ ಅವಳ ಬಂಡಲ್ಲಲ್ಲಿ ಎಲ್ಲಾ ಶರ್ಟಿಗೂ ತೋಳಿದೆ."

ಹೋಗಿ ಮರೆಯಲ್ಲಿ ನಿಂತು ನೋಡಿದೆ. ಫೂಲ್ಮಣಿ, ಸಲೋಮಿ ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ಇಬ್ಬರ ಬಂಡಲ್ಲಿನ ತೋಳುಗಳನ್ನೂ ಸಲೋಮಿ ಕೂರಿಸುತ್ತಿದ್ದಳು. ಪಕ್ಕದ ನೇರ ಹೊಲಿಗೆಗಳನ್ನು, ಸಲೋಮಿಯ ಪಾಲಿನದನ್ನೂ ಸೇರಿಸಿ, ಫೂಲ್ಮಣಿ ಹಾಕುತ್ತಿದ್ದಳು. ಯಾರೂ ಸುಮ್ಮನೆ ಕೂತಿರಲಿಲ್ಲ. ನನಗೆ ಅದು ಬಹಳ ಚೆನ್ನಾಗಿ ಕಂಡಿತು.

ನಾಗರಾಜ್ ನನ್ನನ್ನೂ ಕಿರಣನನ್ನೂ ಕೋಣೆಗೆ ಕರೆಸಿದರು. ಕಿರಣ್ ತನ್ನ ಲೆಕ್ಕ ತೋರಿಸಿದ. ನಾನು ಹೇಳಿದೆ: "ಇದು ಚೀಟಿಂಗಲ್ಲ ಸರ್. ಮುಯ್ಯಾಳು. ನಮ್ ಹೊಲಕ್ಕೆ ನೀವು ಬಂದ್ ಕಳೆ ಕಿತ್ರೆ, ನಿಮ್ ಹೊಲಕ್ಕೆ ನಾವ್ ಬರಲ್ವಾ? ಅವ್ರೂ ಹಳ್ಳಿಯೋರು, ಅವ್ರಲ್ಲೂ ಹಂಗೇ."

ಕಿರಣನಿಗೆ ಮುಯ್ಯಾಳು ಎಂದರೇನೆಂದು ಗೊತ್ತಿರಲಿಲ್ಲ. ನಾಗರಾಜರಿಗೆ ಗೊತ್ತಿತ್ತು. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

"ಮುಯ್ಯಾಳಿಗೆ ಕಳೆ ಕೀಳೋಕ್ ಬರ್ದೋರನ್ನ ಯಾರ್ ಕರೀತಾರೆ ಜಯಮ್ಮ? ಇಬ್ರಿಗೂ ಕೆಲ್ಸ ಬಂದ್ರೆ ಅದು ಮುಯ್ಯಾಳು. ಪರೀಕ್ಷೆ ದಿನ ಸಲೋಮಿ ಪಕ್ಕದಲ್ಲಿ ಇರಲ್ವಲ್ಲ, ಆಗ ಈ ಹುಡ್ಗಿ ಏನ್ ಮಾಡ್ತಾಳೆ?"

ನಾನು ಕೋಪದಲ್ಲೇ ಹೊರಗೆ ಬಂದೆ. ಕೋಪ ಬಂದದ್ದು ಅವರ ಮಾತು ಸರಿಯಿದ್ದುದರಿಂದ. ಒಬ್ಬ ಒಳ್ಳೆಯ ಮೇಲಧಿಕಾರಿ ಸಿಕ್ಕರೆ ಇದೇ ತೊಂದರೆ, ಜಗಳವಾಡಿ ಬಂದ ಮೇಲೂ ಅವರ ಮಾತು ಬೆನ್ನು ಬಿಡುವುದಿಲ್ಲ. ನೇರವಾಗಿ ಹೋಗಿ ಫೂಲ್ಮಣಿಯ ಮುಂದೆ ಒಂದು ತೋಳು ಇಟ್ಟೆ. "ಕೂರಿಸು" ಎಂದೆ. ಸಲೋಮಿ ಎದ್ದು ಬಂದಳು, ಅವಳನ್ನು ಕೈ ಸನ್ನೆಯಲ್ಲಿ ತಡೆದೆ. ಫೂಲ್ಮಣಿ ಹೊಲಿದಳು. ಎತ್ತಿ ನೋಡಿದರೆ ಹೆಗಲು ಪೂರ್ತಿ ಸುಕ್ಕು, ಹಪ್ಪಳದ ಅಂಚಿನ ಹಾಗೆ. ಅವಳು ತೋಳು ಕೂರಿಸಲು ಕಲಿತೇ ಇರಲಿಲ್ಲ. ಉಳಿದಿದ್ದದ್ದು ಕೆಲವೇ ವಾರ.

ಇನ್ನೊಂದು ತೋಳು ಹೊಲಿಸಿ ಈ ಸಲ ಅವಳ ಕೈಯನ್ನೇ ನೋಡಿದೆ. ಬಟ್ಟೆಯ ಮೇಲೆ ಅಂಗೈ ಪೂರ್ತಿ ಊರಿ, ಮೈಭಾರ ಬಿಟ್ಟು ಒತ್ತುತ್ತಿದ್ದಳು. ಮೇಲಿನ ಬಟ್ಟೆ ಅಂಗೈಗೆ ಅಂಟಿ ನಿಲ್ಲುತ್ತಿತ್ತು, ಕೆಳಗಿನದು ಹಲ್ಲಿನ ಜೊತೆ ಮುಂದೆ ಓಡುತ್ತಿತ್ತು. ನೇರ ಹೊಲಿಗೆಯಲ್ಲಿ ಇದು ಹೇಗೋ ನಡೆದುಹೋಗುತ್ತದೆ, ತೋಳಿನಲ್ಲಿ ನಡೆಯುವುದಿಲ್ಲ. ಯಾಕೆ ಹೀಗೆ ಒತ್ತುತ್ತೀ ಎಂದು ಸನ್ನೆಯಲ್ಲೇ ಕೇಳಿದೆ. ಅವಳು ತನ್ನ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲೆ ಎರಡೂ ಕೈಯಿಂದ ಇಲ್ಲದ ಅಚ್ಚೊಂದನ್ನು ಇಟ್ಟಳು, ಇಲ್ಲದ ಮಣ್ಣನ್ನು ಎತ್ತಿ ಅದರೊಳಗೆ ಹಾಕಿದಳು, ಮೂಲೆ ಮೂಲೆಗೂ ತುಂಬುವಂತೆ ಅಂಗೈಯಲ್ಲಿ ಒತ್ತಿದಳು. ಸರಿಯಾಗಿ ಒತ್ತದಿದ್ದರೆ ಆ ಇಟ್ಟಿಗೆ ಎಣಿಕೆಗೆ ಬರುವುದಿಲ್ಲ. ಚಿಕ್ಕಂದಿನಿಂದ ಆ ಕೈ ಕಲಿತದ್ದು ಅಷ್ಟನ್ನೇ.

ಮಾರನೆಯ ದಿನ ಅವಳನ್ನು ತರಬೇತಿ ಕೋಣೆಯ ಹಿಂದಿನ ಮೇಜಿಗೆ ಒಬ್ಬಳನ್ನೇ ಕೂರಿಸಿದೆ. ಸಲೋಮಿ ಅವಳ ಹತ್ತಿರ ಬರಕೂಡದು, ಅವಳ ಬಂಡಲ್ ಮುಟ್ಟಕೂಡದು ಎಂದೆ. ಸಲೋಮಿಗೆ ನನ್ನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಊಟದ ಹಾಲಿನಲ್ಲಿ ತಟ್ಟೆ ಹಿಡಿದು ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ಅವಳ ಅಮ್ಮಂಗೆ ನಾನು ಮಾತು ಕೊಟ್ಟೀನಿ, ವಾಪಸ್ ಕಳ್ಸಲ್ಲ ಅಂತ. ನೀವು ಯಾಕೆ ಬಿಡಿಸ್ತೀರಾ ಅಮ್ಮ?"

"ನಿನ್ ಮಾತು ಉಳೀಲಿ ಅಂತಾನೇ ಕಣಮ್ಮಾ ಬಿಡಿಸ್ತಿರೋದು."

"ಅವಳಿಗೆ ಒಬ್ಳೇ ಬರಲ್ಲ."

"ಬರಲ್ಲ ಅಂತ ನೀನೇ ಮಾಡ್ತಾ ಹೋದ್ರೆ ಯಾವತ್ತು ಬರುತ್ತೆ?"

ಅವಳು ತಟ್ಟೆ ಹಿಡಿದುಕೊಂಡೇ ತಿರುಗಿ ಹೋದಳು. ಆಮೇಲೆ ಎಷ್ಟೋ ದಿನ ನನಗೆ "ಊಟ ಆಯ್ತಾ" ಎಂದು ಕೇಳಲಿಲ್ಲ. ಫೂಲ್ಮಣಿಯೂ ಮೊದಲ ದಿನಗಳಲ್ಲಿ ಶಿಕ್ಷೆಗೆ ಗುರಿಯಾದವಳ ಹಾಗೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಕಲಿಸುವವರನ್ನು ಕಲಿಯುವವರು ಯಾವಾಗಲೂ ಪ್ರೀತಿಸುತ್ತಾರೆ ಎಂದು ಫೈಲಿನಲ್ಲಿ ಬರೆದಿದ್ದರೆ, ದಿವ್ಯಾ, ಆ ಪುಟವನ್ನು ಹರಿದುಹಾಕು.

ಒತ್ತಬೇಡ ಎಂದು ಎಷ್ಟು ಹೇಳಿದರೂ ಕೈ ಕೇಳಲಿಲ್ಲ. ಕಿರಣ್ ಪಾಪ, ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಹಾಕಿಕೊಟ್ಟ. ಅದನ್ನು ನಿಧಾನಗತಿಯಲ್ಲೂ ತೋರಿಸಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು, ನೋಡಿ ಬಂದು ಮತ್ತೆ ಒತ್ತಿದಳು. ಒಂದು ಮಧ್ಯಾಹ್ನ ನನಗೆ ಬೇಜಾರಾಗಿ ಚೀಲದಲ್ಲಿದ್ದ ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ತಿಂಡಿ ಒಳಗೆ ತರಬಾರದು ಎಂಬ ಬೋರ್ಡು ನನ್ನ ತಲೆಯ ಮೇಲೇ ಇತ್ತು. ಪುರಿ ನೋಡಿ ಫೂಲ್ಮಣಿಯ ಮುಖ ಅರಳಿತು. "ಮುಡಿ" ಎಂದಳು. ಅವರ ಕಡೆಯೂ ಅದು ದಿನದ ಆಹಾರವಂತೆ. ಅವಳಿಗೂ ಒಂದು ಹಿಡಿ ಕೊಟ್ಟೆ. ಕೊಟ್ಟವಳಿಗೆ ಏನೋ ಹೊಳೆದು, ನಾಲ್ಕು ಕಾಳು ವಾಪಸ್ ಇಸಿದುಕೊಂಡು ಬಟ್ಟೆಯ ಮೇಲಿಟ್ಟೆ. ಅದರ ಮೇಲೆ ಅವಳ ಅಂಗೈ ಇಡಿಸಿದೆ. ಮಿಷನ್ನಿನ ಮೋಟರ್ ಆರಿಸಿ, ಬಲಗೈಯಿಂದ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಲು ಹೇಳಿದೆ. ಎಡಗೈ ಬೆರಳ ತುದಿಯಲ್ಲಿ ಬಟ್ಟೆ ನಡೆಸಬೇಕು, ಅಂಗೈ ಕೆಳಗಿನ ಪುರಿ ಮುರಿಯಬಾರದು.

ಮೊದಲ ಸಲ ಎಲ್ಲ ಪುಡಿಪುಡಿ. ಅವಳು ನಕ್ಕಳು. ನಾನು ಅವಳ ನಗು ನೋಡಿದ್ದು ಅದೇ ಮೊದಲು. ಎರಡನೆಯ ಸಲವೂ ಪುಡಿ. ಅವಳ ಮಿಷನ್ನಿನ ಸುತ್ತ ಇರುವೆಗಳು ಬರತೊಡಗಿದವು. ನಾಗರಾಜ್ ಬಂದವರು ನಿಂತು ನೋಡಿದರು.

"ಏನ್ ಜಯಮ್ಮ, ಶರ್ಟಿಗೆ ಒಗ್ಗರಣೆ ಹಾಕ್ತಿದೀರಾ?"

"ಹೌದು ಸರ್. ಸ್ವಲ್ಪ ದಿನ ಈ ಕಡೆ ಬರ್ಬೇಡಿ."

ಅವರು ನಿಜವಾಗಿಯೂ ಬರಲಿಲ್ಲ. ದಿನ ಕಳೆದಂತೆ ಪುರಿ ಮುರಿಯುವುದು ಕಡಿಮೆಯಾಯಿತು. ಅಂಗೈ ಗೂಡು ಕಟ್ಟಿದಂತೆ ಮೇಲೆದ್ದಿತು, ಬೆರಳುಗಳು ಇಳಿದವು. ಚಕ್ರ ಬಿಟ್ಟು ಮೋಟರಿಗೆ ಬಂದಾಗ ಎರಡು ದಿನ ಮತ್ತೆ ಒತ್ತಿದಳು. ಮತ್ತೆ ಚಕ್ರಕ್ಕೆ ಹೋದೆವು. ಒಂದೊಂದು ದಿನ ಅವಳು ಮಿಷನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನು ಸಮಾಧಾನ ಮಾಡುತ್ತಿರಲಿಲ್ಲ, ಹೋಗಿ ಎರಡು ಲೋಟ ಟೀ ತರುತ್ತಿದ್ದೆ. ಟೀ ಕುಡಿದು ಮತ್ತೆ ಕೂರುತ್ತಿದ್ದಳು. ನಾನು ಬಲ್ಲ ಕಲಿಸುವಿಕೆಯಲ್ಲಿ ಬಹುಪಾಲು ಇದೇ, ಕಾಯುವುದು.

ಪರೀಕ್ಷೆಯ ಬೆಳಿಗ್ಗೆ ತರಬೇತಿ ಕೋಣೆಯ ಮಧ್ಯದಲ್ಲಿ ಒಂದೇ ಮಿಷನ್ ಇಟ್ಟಿದ್ದರು. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹೊಲಿದು ಹೋದರು. ಸಲೋಮಿ ಸಲೀಸಾಗಿ ಮುಗಿಸಿದಳು. ಫೂಲ್ಮಣಿಯ ಸರದಿ ಕೊನೆಗೆ. ಏಜೆನ್ಸಿಯವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತ ಕೂತಿದ್ದ. ಸೋತವರಿಗೆ ಸಂಜೆಯ ರೈಲಿಗೆ ಟಿಕೆಟ್ ಮಾಡಿಸುವ ಕೆಲಸ ಅವನದು. ನನಗೆ ಅವನನ್ನು ನೋಡಲೇ ಇಷ್ಟವಿರಲಿಲ್ಲ. ನಾನು ಮಿಷನ್ನಿನಿಂದ ದೂರ, ಗೋಡೆಗೆ ಒರಗಿ ನಿಲ್ಲಬೇಕೆಂದು ನಿಯಮ.

ಮೊದಲ ತೋಳು ಸರಾಗವಾಗಿ ಕೂತಿತು. ಕಿರಣ್ ಟ್ಯಾಬ್ಲೆಟ್ ನೋಡುವುದನ್ನು ಬಿಟ್ಟು ಅವಳ ಕೈ ನೋಡುತ್ತಿದ್ದ. ಎರಡನೆಯ ತೋಳಿನಲ್ಲಿ ಹೆಗಲ ತಿರುವಿನ ಹತ್ತಿರ ಬಂದಾಗ ದಾರ ಕಿತ್ತಿತು. ಮಿಷನ್ ನಿಂತಿತು. ಫೂಲ್ಮಣಿಯ ಅಂಗೈ ಧಪ್ಪೆಂದು ಬಟ್ಟೆಯ ಮೇಲೆ ಬಿತ್ತು. ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

ಗಾಜಿನ ಬಾಗಿಲ ಆಚೆ ಸಲೋಮಿ ನಿಂತಿದ್ದಳು. ಟೀ ಬಿಡುವಿನಲ್ಲಿ ಬಂದವಳು ಹೋಗಿರಲಿಲ್ಲ. ಫೂಲ್ಮಣಿ ನೋಡಿದ ಕೂಡಲೇ ಅವಳ ಬಲಗೈ ಬಾಗಿಲಿನ ಹಿಡಿಯ ಕಡೆ ಬಂತು. ಅವಳು ಒಳಗೆ ಬಂದರೆ ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು. ಗೋಡೆಯ ಬಳಿಯಿಂದ ನಾನು ಕೂಗುವಂತೆಯೂ ಇರಲಿಲ್ಲ. ಸಲೋಮಿ ಹಿಡಿಯನ್ನು ಮುಟ್ಟಲಿಲ್ಲ. ನಿಧಾನವಾಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಫೂಲ್ಮಣಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ದಾರ ಪೋಣಿಸಿದಳು, ನಾಲ್ಕು ಹೊಲಿಗೆ ಹಿಂದಕ್ಕೆ ಹೋದಳು. ಅಂಗೈ ಎದ್ದಿತು. ಬೆರಳ ತುದಿಗಳು ತೋಳನ್ನು ತಿರುವಿನ ಸುತ್ತ ನಡೆಸಿಕೊಂಡು ಹೋದವು.

ನಾಗರಾಜ್ ಶರ್ಟನ್ನು ಒಳಮುಖ ಮಾಡಿ, ಎಳೆದು, ಬೆಳಕಿಗೆ ಹಿಡಿದು ನೋಡಿದರು.

"ಇಲ್ಲೊಂದ್ ಸುಕ್ಕಿದೆ" ಎಂದರು.

ಏಜೆನ್ಸಿಯವನು ಮೊಬೈಲಿನಿಂದ ತಲೆಯೆತ್ತಿದ. ನಾಗರಾಜ್ ತಮ್ಮ ಹೆಗಲಿನತ್ತ ಬೆರಳು ತೋರಿಸಿದರು.

"ಅಂಗಡಿಯಿಂದ ತಂದ ನನ್ ಶರ್ಟಲ್ಲಿ ಎರಡಿದೆ. ಪಾಸ್. ನಾಳೆಯಿಂದ ಲೈನಿಗೆ ಬಾರಮ್ಮ."

ಫೂಲ್ಮಣಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅರ್ಥವಾಗಲಿಲ್ಲವೇನೋ ಎಂದು ನಾನು ಹತ್ತಿರ ಹೋದೆ. ಅವಳು ಕನ್ನಡದಲ್ಲೇ ಕೇಳಿದಳು:

"ನಾನು ಭಟ್ಟಿಗೆ ಹೋಗಲ್ವಾ ಅಮ್ಮ?"

"ಹೋಗಲ್ಲ" ಎಂದೆ. ಅವಳ ಕೈ ಹಿಡಿದುಕೊಂಡು ನಿಂತೆ.

ಬಾಗಿಲು ತೆರೆದು ಸಲೋಮಿ ಒಳಗೆ ಬಂದಳು. ಮೇಜಿನ ಮೇಲಿದ್ದ ಶರ್ಟನ್ನು ಎತ್ತಿಕೊಂಡು ಒಂದು ತೋಳಿನ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು. ಆಮೇಲೆ ಇನ್ನೊಂದು ತೋಳು. ತಿರುಗಿಸಿ ಒಳಗಿನಿಂದಲೂ ನೋಡಿದಳು. ಹೊಲಿಯುವವರಿಗೆ ತಮ್ಮ ಕೈಯ ಹೊಲಿಗೆ ಗುರುತು ಸಿಗುತ್ತದೆ. ಅವಳು ಅದನ್ನೇ ಹುಡುಕುತ್ತಿದ್ದಳು. ಕೊನೆಗೆ ತಮ್ಮ ಭಾಷೆಯಲ್ಲಿ ಏನೋ ಅಂದಳು.

"ಏನಂತೆ?" ಎಂದು ಫೂಲ್ಮಣಿಯನ್ನು ಕೇಳಿದೆ.

"ಇದ್ರಲ್ಲಿ ಅವಳ ಹೊಲಿಗೆ ಒಂದೂ ಇಲ್ಲ ಅಂತಾಳೆ."

ಸಲೋಮಿ ಶರ್ಟನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದಳು. ಪ್ಯಾಕ್ ಮಾಡಬೇಕು, ಕೊಡಮ್ಮ ಎಂದು ಕಿರಣ್ ಎರಡು ಸಲ ಕೇಳಿದ. ಅವಳು ಕೊಡಲಿಲ್ಲ.